ಮೆಲ್ಬರ್ನಿನಲ್ಲಿ ಸಂಕಷ್ಟಿ

ಮದುವೆಯಾಗಿ ವರ್ಷವಾಗುತ್ತ ಬಂದರೂ ಸಂಪತ್ ಮತ್ತು ಕೃಪಾ ಒಂದೇ ಮನೆಯಲ್ಲಿ ಒಂದು ವಾರ ಪೂರ್ತಿ ಜಗಳವಾಡಿರಲಿಲ್ಲ. ಅವನ ಫ್ಲ್ಯಾಟು ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ಅವಳ ರೂಮು ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ. ಇಬ್ಬರಿಗೂ ಕೆಲಸವಿತ್ತು, ಹಟವೂ ಇತ್ತು. ಕೊನೆಗೆ ಒಬ್ಬೊಬ್ಬರು ಒಂದು ದಿನ ತಮ್ಮ ಊರು ತೋರಿಸುವುದು, ಆಮೇಲೆ ಯಾರು ಗಂಟುಮೂಟೆ ಕಟ್ಟಬೇಕೆಂದು ತೀರ್ಮಾನಿಸುವುದು ಎಂದಾಯಿತು. ಸಿಡ್ನಿಯ ಸರದಿ ಹೋದ ತಿಂಗಳು ಮುಗಿದಿತ್ತು. ಅಲ್ಲಿಯ ಕಡಲಿನ ಎದುರು ಏನನ್ನು ನಿಲ್ಲಿಸಿ ಗೆಲ್ಲುವುದೆಂದು ಯೋಚಿಸಿ ಯೋಚಿಸಿ ಸಂಪತ್ ಮ್ಯೂಸಿಯಂ ಮತ್ತು ಊಟ ಎಂದು ನಿಶ್ಚಯಿಸಿದ್ದ. ಮ್ಯೂಸಿಯಂ ನೆಪ. ಊಟವೇ ಅಸ್ತ್ರ.

ಏರ್‌ಪೋರ್ಟಿನಿಂದ ನೇರ ತಿಂಡಿಗೆ ಕರೆದೊಯ್ದರೆ ಕೃಪಾ ಮೆನು ಮುಚ್ಚಿಟ್ಟಳು.

"ನಂಗೆ ಕಾಫಿ ಅಷ್ಟೇ. ಇವತ್ತು ಸಂಕಷ್ಟಿ. ಚಂದ್ರನ್ನ ನೋಡೋವರೆಗೂ ಉಪವಾಸ."

"ನೀನು ಯಾವಾಗಿಂದ ಸಂಕಷ್ಟಿ ಪಾರ್ಟಿ?"

"ಹರಕೆ ಕಣೋ. ಇವತ್ತು ಕೊನೇದು."

"ಕಾಫಿ ನಡೆಯುತ್ತಾ?"

"ಕಾಫಿ ಆಹಾರ ಅಲ್ಲ. ಗಣಪತಿಗೂ ಗೊತ್ತು."

ಬುಕ್ ಮಾಡಿದ್ದ ಟೇಬಲ್‌ಗಳನ್ನು ಮನಸ್ಸಿನಲ್ಲೇ ಅಳಿಸಿಹಾಕುತ್ತ ಸಂಪತ್ ಅವಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದ. ಗಾಜಿನ ಪೆಟ್ಟಿಗೆಯೊಳಗೆ ಫಾರ್ ಲ್ಯಾಪ್ ಎಂಬ ಹೆಸರಾಂತ ರೇಸ್ ಕುದುರೆ ನಿಂತಿತ್ತು. ಸತ್ತು ಎಪ್ಪತ್ತು ವರ್ಷ ದಾಟಿದ್ದರೂ ಸಂಪತ್‌ಗಿಂತ ಫಿಟ್ ಆಗಿತ್ತು.

"ಇದರ ಚರ್ಮ ಮಾತ್ರ ಇಲ್ಲಿ," ಎಂದ ಸಂಪತ್. "ಮೂಳೆ ನ್ಯೂಜಿಲೆಂಡ್‌ನಲ್ಲಿ, ಹಾರ್ಟು ಕ್ಯಾನ್‌ಬೆರಾದಲ್ಲಿ. ಒಂಥರಾ ನಮ್ಮ ಹಾಗೇನೇ, ಅಲ್ವಾ? ದೇಹ ಇಲ್ಲಿ, ಹೃದಯ..."

"ಬೇಡ. ಕನ್ನಡ ಸಂಘದ ಭಾಷಣ ಶುರು ಮಾಡ್ಬೇಡ."

ಲೈಗನ್ ಸ್ಟ್ರೀಟಿನಲ್ಲಿ ಅವನೊಬ್ಬನೇ ಪಿಜ್ಜಾ ತಿಂದ. ಕೃಪಾ ಗಲ್ಲಕ್ಕೆ ಕೈಯೂರಿ, ಕುದುರೆಯನ್ನು ನೋಡಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಅವನನ್ನು ನೋಡಿದಳು.

"ಹಂಗೆ ನೋಡ್ಬೇಡ್ವೇ. ಅಂದಹಾಗೆ ಹರಕೆ ಯಾತಕ್ಕೆ?"

"ನೀನು ಸಿಡ್ನಿಗೆ ಬರ್ಲಿ ಅಂತ."

ಸಂಪತ್ ಪಿಜ್ಜಾ ತುಂಡನ್ನು ತಟ್ಟೆಗೆ ಹಾಕಿದ. "ನನ್ನ ಊರಿಗೆ ಬಂದು, ನನ್ನ ಎದುರಿಗೇ ಕೂತು, ನನ್ನ ವಿರುದ್ಧ ಉಪವಾಸನಾ?"

"ಬೇರೆಯವರ ಗಂಡನ ಮೇಲೆ ಮಾಡಕ್ಕಾಗುತ್ತಾ?"

ಸಂಪತ್ ಕಿಟಕಿಯಾಚೆ ನೋಡಿದ. ಊರಿನ ಮೇಲೆ ಹಳೆಯ ಕಂಬಳಿಯಂಥ ಮೋಡ ಕವಿದಿತ್ತು. ಅವನಿಗೆ ಧೈರ್ಯ ಬಂತು.

"ಸರಿ, ಬೆಟ್. ರಾತ್ರಿ ನೀನು ಏರ್‌ಪೋರ್ಟ್ ಬಸ್ ಹತ್ತೋದ್ರೊಳಗೆ ಚಂದ್ರ ಕಂಡ್ರೆ ನಾನು ಸಿಡ್ನಿಗೆ. ಕಾಣ್ಲಿಲ್ಲ, ಇಲ್ಲಾ ನೀನು ಮೊದ್ಲೇ ತಿಂದ್ಬಿಟ್ಟೆ ಅಂದ್ರೆ ನೀನು ಬಾಕ್ಸ್ ಹಿಲ್‌ಗೆ."

"ಡನ್," ಎಂದಳು ಕೃಪಾ.

ಮಧ್ಯಾಹ್ನವೆಲ್ಲ ಆರ್ಟ್ ಗ್ಯಾಲರಿಯಲ್ಲಿ ಸುತ್ತಿದರು. ಚಿತ್ರಗಳನ್ನು ನೋಡಿದ್ದು ಕಡಿಮೆ, ಬಾಗಿಲಿಗೆ ಬಂದು ಆಕಾಶ ನೋಡಿದ್ದೇ ಹೆಚ್ಚು. ಹಣ್ಣಿನ ಬುಟ್ಟಿಯ ಒಂದು ಚಿತ್ರದ ಮುಂದೆ ಕೃಪಾ ಮಾತ್ರ ಬಹಳ ಹೊತ್ತು ನಿಂತಳು. ಮೆಲ್ಬರ್ನಿನ ಹವೆಯನ್ನು ದಿನಾ ಬೈಯುತ್ತಿದ್ದ ಸಂಪತ್, ಅಂದು ಅದರ ಮೇಲೆ ಮಗಳ ಮೇಲಿನಂಥ ಅಭಿಮಾನ ತೋರಿದ.

ಕತ್ತಲಾದ ಮೇಲೆ ಇಡ್ಲಿ ವಡೆ ಪಾರ್ಸೆಲ್ ಕಟ್ಟಿಸಿಕೊಂಡು ಏರ್‌ಪೋರ್ಟ್ ಬಸ್ಸಿಗೆ ಕಾಯುತ್ತ ನಿಂತರು. ಮೋಡ ಒಂದಿಂಚೂ ಕದಲಿರಲಿಲ್ಲ. ಸಂಪತ್ ಏನೋ ಕುಚೇಷ್ಟೆ ಮಾಡಲು ತಿರುಗಿದರೆ ಕೃಪಾ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದ್ದಳು. ಮುಖ ಬಿಳಿಚಿಕೊಂಡಿತ್ತು. ಮುಟ್ಟಿದರೆ ಕೈ ತಣ್ಣಗಿತ್ತು.

"ಒಂದು ಇಡ್ಲಿ ತಿನ್ನೇ. ಗಣಪತಿ ಅಡ್ಜಸ್ಟ್ ಮಾಡ್ಕೋತಾನೆ."

"ಅವನು ಮಾಡ್ಕೋತಾನೆ. ನೀನು ಮಾಡ್ಕೊಳಲ್ಲ. ನಾನು ಸೋತೆ ಅಂತೀಯ."

ಸಂಪತ್ ಮೋಡದ ಕಡೆ ನೋಡಿದ. ಗೆಲುವು ತಲೆಯ ಮೇಲೆಯೇ ಇತ್ತು. ಬಸ್ಸು ಬರುವವರೆಗೆ ಸುಮ್ಮನಿದ್ದರೆ ಸಾಕಿತ್ತು.

"ಅಗೋ, ಚಂದ್ರ," ಎಂದ.

ಕೃಪಾ ಕಣ್ಣು ತೆರೆದಳು. "ಎಲ್ಲಿ?"

"ಆ ಕಾರ್ ಪಾರ್ಕ್ ಮೇಲೆ."

ಅವಳು ದಿಟ್ಟಿಸಿದಳು. "ಸಂಕಷ್ಟಿ ಚಂದ್ರ ಇಷ್ಟು ರೌಂಡಾಗಿ ಇರಲ್ಲ."

"ಸದರ್ನ್ ಹೆಮಿಸ್ಫಿಯರ್. ಇಲ್ಲಿ ಎಲ್ಲ ಉಲ್ಟಾ."

"ಅದಕ್ಕೆ ಕಂಬ ಇದೆ ಕಣೋ."

"ಇರ್ಲಿ ಬಿಡು. ಕೈ ಮುಗೀತೀಯೋ ಇಲ್ವೋ?"

ಅವಳು ದೀಪ ಬಿಟ್ಟು ಅವನ ಮುಖ ನೋಡಿದಳು. "ಯೋಚ್ನೆ ಮಾಡಿ ಹೇಳ್ತಿದೀಯಾ?"

"ಇಲ್ಲ. ಯೋಚ್ನೆ ಮಾಡೋಕೆ ಮುಂಚೆ ಮುಗಿಸು."

ಕೃಪಾ ಎದ್ದು ನಿಂತು ಕಾರ್ ಪಾರ್ಕಿನ ದೀಪಕ್ಕೆ ಭಕ್ತಿಯಿಂದ ಕೈಮುಗಿದಳು. ಪಕ್ಕದಲ್ಲಿದ್ದ ಮುದುಕನೊಬ್ಬ ತಾನೂ ಆ ಕಡೆ ನೋಡಿದ. ಅವಳು ಕೂತು ಎರಡು ಇಡ್ಲಿಗಳನ್ನು ಒಂದೇ ಉಸಿರಿಗೆ ಮುಗಿಸಿದಳು. ಮುಖಕ್ಕೆ ರಕ್ತ ಬಂತು, ಬಾಯಿಗೆ ಮಾತೂ ಬಂತು.

"ಫ್ಲ್ಯಾಟ್ ಬಿಡ್ತೀನಿ ಅಂತ ಓನರ್‌ಗೆ ಯಾವಾಗ ಹೇಳ್ತೀಯ?"

"ಸೋಮವಾರ," ಎಂದು ಸಂಪತ್ ವಡೆಯ ಪೊಟ್ಟಣವನ್ನು ತನ್ನ ಕಡೆ ಎಳೆದುಕೊಂಡ.