ಏಳನೇ ಶುಕ್ರವಾರದ ಗುಡುಗು

ಆರೋಗ್ಯಮ್ಮನಿಗೆ ಸಾಕುಸಾಕಾಗಿ ಹೋಗಿತ್ತು. ಯಾರಿಗೆ ಹೇಳಿಕೊಳ್ಳುವುದು? ಹರಕೆ ಹೊತ್ತವಳೂ ಅವಳೇ, ಸವೆದದ್ದೂ ಅವಳ ಮಂಡಿಯೇ. ಹೋದ ವರ್ಷ ಮಗಳು ಅಮೃತಳ ಹೆರಿಗೆ ಕಷ್ಟವಾಗಿತ್ತು. ಎರಡು ಜೀವವನ್ನೂ ಉಳಿಸಿಕೊಡು ಯೇಸಪ್ಪಾ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಏಳು ಶುಕ್ರವಾರವೂ ಬರಿಗಾಲಲ್ಲಿ ನಿನ್ನ ಶಿಲುಬೆಗುಡ್ಡ ಹತ್ತುತ್ತೇನೆ, ಕೊನೆಯ ಶುಕ್ರವಾರ ಕೂಸನ್ನು ನಿನ್ನ ಪಾದಕ್ಕೆ ಹಾಕುತ್ತೇನೆ ಎಂದು ಬೇಡಿಕೊಂಡಿದ್ದಳು. ತಾಯಿಯೂ ಉಳಿದಳು, ಕೂಸೂ ಉಳಿಯಿತು.

ಮಾತು ಕೊಡುವುದು ಸುಲಭ, ಹತ್ತುವುದು ಕಷ್ಟ. ವಾರವೆಲ್ಲ ಕಬ್ಬು ಕಡಿದು, ಶುಕ್ರವಾರ ಮದ್ದೂರಿನಿಂದ ಮಳವಳ್ಳಿಗೆ ಬಸ್ಸು, ಅಲ್ಲಿಂದ ಆಟೋ, ಆಮೇಲೆ ಕಾದ ಕಲ್ಲಿನ ಮೇಲೆ ಬರಿಗಾಲು. ಹೀಗೇ ಆರು ವಾರ ತಳ್ಳಿದಳು. ಏಳನೆಯದು ಶುಭ ಶುಕ್ರವಾರ.

ಅಂದು ಮಧ್ಯಾಹ್ನ ಮೂರಕ್ಕೆ ಶಿಲುಬೆ ಹಾದಿ ಶುರುವಾಯಿತು. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಹದಿನಾಲ್ಕು ಸ್ಥಳ, ಒಂದೊಂದರಲ್ಲೂ ಮೊಣಕಾಲೂರಿ ಪ್ರಾರ್ಥನೆ. ಮುಂದೆ ಗಂಡ ಇನ್ನಾಸಪ್ಪ, ಹೆಗಲ ಮೇಲೆ ಆಳೆತ್ತರದ ಕಬ್ಬಿಣದ ಶಿಲುಬೆ. ಮರದ್ದನ್ನು ಗೆದ್ದಲು ತಿಂದಿತೆಂದು ಈ ವರ್ಷ ವೆಲ್ಡಿಂಗ್ ಅಂಗಡಿಯ ಜಲಾಲನ ಹತ್ತಿರ ಪೈಪಿನದು ಮಾಡಿಸಿದ್ದ. ಹಿಂದೆ ಕೂಸನ್ನೆತ್ತಿಕೊಂಡ ಅಮೃತ. ಅವಳ ಜೊತೆಗೆ ಗುಡ್ಡದ ಕೆಳಗಿನ ಊರಿನ ಆಶಾ ಕಾರ್ಯಕರ್ತೆ ವೀಣ. ಬಿಸಿಲಿಗೆ ಯಾರಾದರೂ ಬಿದ್ದಾರೆಂದು ಪ್ರತಿ ವಾರ ನೀರು, ಓಆರ್‌ಎಸ್ ಹಿಡಿದು ಬರುತ್ತಿದ್ದಳು.

ಎಂಟನೇ ಸ್ಥಳ ಮುಟ್ಟುವಾಗ ಪಡುವಣ ಕಪ್ಪಾಯಿತು. ಗುಡುಗಿತು.

"ಆರೋಗ್ಯಕ್ಕ, ಮ್ಯಾಕೆ ಓಗ್ಬ್ಯಾಡಿ," ಎಂದಳು ವೀಣ. "ಗುಡುಗು ಕಿವಿಗೆ ಬಿತ್ತು ಅಂದ್ರೆ ಸಿಡ್ಲು ಅತ್ರದಲ್ಲೇ ಅದೆ. ಈಗ್ಲೇ ಇಳ್ದುಬುಡಿ."

ಇನ್ನಾಸಪ್ಪ ನಕ್ಕುಬಿಟ್ಟ. "ಬುಡು ತಾಯಿ. ನಮ್ಮಪ್ಪನ ಕಾಲ್ದಿಂದ್ಲೂ ಮಳೆ ಬಂದ್ರೆ ಗುಡ್ಡದ ತುದೀಲಿರೋ ದೊಡ್ಡ ಶಿಲ್ಬೆ ಬುಡಕ್ಕೇ ಓಡೋದು. ತಗಡಿನ ಚಪ್ರ ಅದೆ. ದೇವ್ರ ಪಾದ್ದಲ್ಲಿ ಕುಂತೋರ್ಗೆ ಸಿಡ್ಲು ಒಡೆದದಾ?"

"ಇನ್ನಾಸಣ್ಣ, ಈ ಗುಡ್ಡದಲ್ಲಿ ಎಲ್ಲಾದ್ಕಿಂತ ಎತ್ರುಕ್ಕೆ ನಿಂತಿರೋದು ಯಾವ್ದು? ಆ ದೊಡ್ಡ ಶಿಲ್ಬೆ. ಸಿಡ್ಲು ಮೊದ್ಲು ಉಡುಕೋದು ಎತ್ರುಕ್ಕಿರೋದ್ನೇ. ತಗಡು ಮಳೆ ತಡೀತದೆ, ಸಿಡ್ಲು ತಡೆಯಾಕಿಲ್ಲ."

"ಅಂಗಾರೆ ಆ ಉಣಸೆಮರದ ಕೆಳೀಕೆ ನಿಲ್ತೀವಿ."

"ಸರಿ ಓಯ್ತು! ಮರವೂ ಅಷ್ಟೇ ಕಣಣ್ಣ. ಕೆಳ್ಗೆ ತಾರಸಿ ಆಕಿರೋ ಸಮುದಾಯ ಭವನ ಅದೆ, ಅಲ್ಲಿಗೆ ನಡೀರಿ."

"ನಿಮ್ ದೇವ್ರು ಬ್ಯಾರೆ. ನಮ್ ಅರಕೆ ಇಚಾರ ನಿನಗೇನಮ್ಮ ಗೊತ್ತು?" ಎಂದ ಇನ್ನಾಸಪ್ಪ.

ವೀಣಳ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. "ನಮ್ ಬೆಟ್ಟಕ್ಕೆ ಓಗೋರ್ಗೂ ಇದ್ನೇ ಯೋಳ್ತೀನಿ, ದರ್ಗಾಕ್ಕೆ ಓಗೋರ್ಗೂ ಇದ್ನೇ ಯೋಳ್ತೀನಿ. ಸಿಡ್ಲು ಯಾರ್ ದೇವ್ರು ಅಂತ ಕೇಳ್ಕಂಡು ಬರಾಕಿಲ್ಲ."

ಆರೋಗ್ಯಮ್ಮ ಕಲ್ಲಿನ ಮೇಲೆ ಕುಸಿದು ಕೂತಳು. ಇನ್ನು ಆರೇ ಸ್ಥಳ. ಈಗ ಇಳಿದರೆ ಇಷ್ಟು ವಾರ ಸವೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ದೇವರು ಮುನಿದು ಕೂಸಿಗೆ ಏನಾದರೂ ಆದರೆ? ಅವಳಿಗೆ ಅಳು ಬಂತು. ಮತ್ತೊಮ್ಮೆ ಗುಡುಗಿತು. ಕೂಸು ಬೆಚ್ಚಿ ಚೀರಿತು. ಆಗ ತಪಸ್ಸು ಕಾಲದ ಮೊದಲ ಭಾನುವಾರ ಫಾದರು ಹೇಳಿದ ಕಥೆ ನೆನಪಾಯಿತು.

"ಏನೂಂದ್ರೆ," ಎಂದಳು ಗಂಡನಿಗೆ. "ಗುಡಿ ಮ್ಯಾಲಿಂದ ಧುಮುಕು, ದೇವದೂತ್ರು ಇಡ್ಕತಾರೆ ಅಂತ ಯೇಸಪ್ಪಂಗೆ ಯೋಳ್ದೋನು ಯಾರು?"

"ಸೈತಾನ."

"ಯೇಸಪ್ಪ ಧುಮುಕಿದ್ನಾ?"

ಇನ್ನಾಸಪ್ಪ ಶಿಲುಬೆಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

"ಅವ್ನೇ ಧುಮುಕ್ಲಿಲ್ಲ. ಉಳಿಸ್ಕೊಟ್ಟಿರೋ ಕೂಸ್ನ ಸಿಡ್ಲು ಬಾಯ್ಗೆ ಇಟ್ಟು ಕಾಪಾಡ್ತೀಯಾ ಇಲ್ವಾ ಅಂತ ನಾವು ಪರೀಕ್ಷೆ ಮಾಡೋದಾ? ಅರಕೆ ಒತ್ತೋಳು ನಾನು. ಇಳೀತೀನಿ. ಆ ಕಬ್ಬಿಣ ಅಲ್ಲೇ ಮಲಗ್ಸಿ ಬನ್ನಿ."

ಅವನು ಶಿಲುಬೆಯನ್ನು ನೆಲಕ್ಕಿಳಿಸಿ, ಮುಟ್ಟಿ ಕಣ್ಣಿಗೊತ್ತಿಕೊಂಡ. ಹಿಂದೆ ಹತ್ತಿ ಬರುತ್ತಿದ್ದ ಬೇರೆ ಭಕ್ತರಿಗೂ ಕೂಗಿ ಹೇಳಿ ಎಲ್ಲರೂ ಇಳಿದರು. ಭವನದ ಬಾಗಿಲು ಮುಚ್ಚಿ ಐದು ನಿಮಿಷವಾಗಿರಲಿಲ್ಲ, ಕಣ್ಣು ಕೋರೈಸಿ, ಕಿವಿ ಗುಂಯ್‌ಗುಟ್ಟಿ, ಗೋಡೆಯೇ ಅದುರಿತು. ಕಡೆಯ ಗುಡುಗಾಗಿ ಅರ್ಧ ಗಂಟೆಯವರೆಗೂ ವೀಣ ಯಾರನ್ನೂ ಹೊಸಿಲು ದಾಟಿಸಲಿಲ್ಲ.

ಆ ರಾತ್ರಿ ವೀಣಳ ಮನೆಯಲ್ಲೇ ಉಳಿದರು. ಶನಿವಾರ ಬೆಳಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಎಂಟನೇ ಸ್ಥಳದಿಂದಲೇ ಹಿಡಿದು ಮೆಲ್ಲಗೆ ಹತ್ತಿದರು. ಇನ್ನಾಸಪ್ಪನ ಕೈಯಲ್ಲಿ ಬೇವಿನ ಕಡ್ಡಿಗಳೆರಡನ್ನು ಕಟ್ಟಿದ ಪುಟ್ಟ ಶಿಲುಬೆ.

ತುದಿಯಲ್ಲಿ ದೊಡ್ಡ ಶಿಲುಬೆಯ ಸಿಮೆಂಟು ಕಟ್ಟೆ ಸೀಳಿತ್ತು. ಚಪ್ಪರದ ಕೆಳಗೆ, ಪ್ರತಿ ವಾರ ಅವರು ಕೂತು ನೀರು ಕುಡಿಯುತ್ತಿದ್ದ ಜಾಗದಲ್ಲೇ, ಕೆಳಗಿನೂರಿನ ಮಹದೇವುವಿನ ಮೂರು ಕುರಿಗಳು ಸತ್ತು ಬಿದ್ದಿದ್ದವು. ಮಳೆಗೆ ಹೆದರಿ ಅಲ್ಲಿ ಸೇರಿಕೊಂಡಿದ್ದವು, ಪಾಪ.

ಇನ್ನಾಸಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. "ಅಲ್ಲೇ ಕುಂತಿರ್ತಿದ್ವಲ್ಲ ಕಣಮ್ಮಿ," ಎಂದ. ಮತ್ತೆ ವೀಣಳ ಕಡೆ ತಿರುಗಿ, "ನಿನ್ನೆ ಒರಟಾಗಿ ಅಂದ್ಬುಟ್ಟೆ, ಮನ್ಸಿಗೆ ಆಕಬ್ಯಾಡ ತಾಯಿ," ಎಂದು ಕೈ ಮುಗಿದ.

ಆರೋಗ್ಯಮ್ಮ ಕೂಸನ್ನು ಇಸಿದುಕೊಂಡು, ಶಿಲುಬೆಯ ಪಾದದ ಬಳಿ ಒದ್ದೆ ನೆಲದಲ್ಲಿ ಸೆರಗು ಹಾಸಿ ಮಲಗಿಸಿದಳು. ಮಂಡಿ ನೋಯುತ್ತಿತ್ತು. ಕೂಸು ಕಾಲಾಡಿಸಿ ನಗುತ್ತಿತ್ತು.

ಅಕ್ಕ, ಅಣ್ಣ, ನೀವು ಹೋಗುವುದು ಯಾವ ಗುಡ್ಡಕ್ಕಾದರೂ ಸರಿ, ಬೇಸಿಗೆ ಮಳೆಯ ಕಾಲದಲ್ಲಿ ಬೆಳಗ್ಗೆಯೇ ಹತ್ತಿ ಇಳಿದುಬಿಡಿ. ಗುಡುಗು ಕೇಳಿದರೆ ತಾರಸಿ ಕಟ್ಟಡಕ್ಕೋ, ಬಾಗಿಲು ಗಾಜು ಮುಚ್ಚಿದ ಬಸ್ಸಿಗೋ ಸೇರಿಕೊಳ್ಳಿ. ಬಯಲಲ್ಲಿ ಸಿಕ್ಕಿಕೊಂಡರೆ ಗುಂಪಾಗಬೇಡಿ, ಮಲಗಬೇಡಿ, ಪಾದ ಜೋಡಿಸಿ ತಲೆ ತಗ್ಗಿಸಿ ಕುಕ್ಕರಗಾಲಲ್ಲಿ ಕೂರಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಹೆದರದೆ ಮುಟ್ಟಿ, ಉಸಿರು ನೋಡಿ, ತಕ್ಷಣ ೧೦೮ಕ್ಕೆ ಫೋನು ಮಾಡಿ. ಹರಕೆ ಒಂದು ದಿನ ತಡವಾದೀತು, ಆಗಲಿ. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ, ದೇವರೂ ಹೋಗುವುದಿಲ್ಲ. ಹತ್ತುವುದಕ್ಕೆ ನೀವು ಇರಬೇಕು.