ಬೆಂಕಿಪೊಟ್ಟಣದ ಮೇಷ್ಟ್ರು

"ಗಲ್ಲ ಇಲ್ಲಿಡಿ ಸಾರ್. ಹಣೆ ಪಟ್ಟಿಗೆ ತಾಗ್ಲಿ. ನಡುವೆ ಹಳದಿ ದೀಪ ಕಾಣ್ತಿದೆಯಲ್ಲ, ಅದನ್ನೇ ನೋಡ್ತಾ ಇರಿ. ಸುತ್ತ ಎಲ್ಲಾದ್ರೂ ಬೆಳಕು ಮಿಣುಕ್ ಅಂದ್ರೆ ಗುಂಡಿ ಒತ್ತಿ. ಕಣ್ಣು ಮಾತ್ರ ಆ ಕಡೆ ಈ ಕಡೆ ಓಡಿಸ್ಬೇಡಿ."

"ಮೂವತ್ತೊಂದು ವರ್ಷ ಊರಿಗೆಲ್ಲ ಕಣ್ಣು ಓಡಿಸ್ರಪ್ಪಾ ಓಡಿಸ್ರಪ್ಪಾ ಅಂತ ಬಡ್ಕೊಂಡವನು ನಾನು. ಓಡಿಸ್ಬೇಡಿ ಅಂತ ನನಗೇ ಪಾಠ ಹೇಳ್ತೀಯಲ್ಲೇ ಗೊಂಬೆ" ಎಂದರು ಮೇಷ್ಟ್ರು. ಗಲ್ಲ ತಟ್ಟೆಗೆ ಕಚ್ಚಿಕೊಂಡಿದ್ದರಿಂದ ಮಾತು ಬಾಯಲ್ಲಿ ಗೋಲಿ ಇಟ್ಟುಕೊಂಡವರ ಹಾಗೆ ಬಂತು.

ಕಣ್ಣಾಸ್ಪತ್ರೆಯ ಆ ಕತ್ತಲೆ ಕೋಣೆಯಲ್ಲಿ ಪರೀಕ್ಷೆ ಮಾಡುತ್ತಿದ್ದ ಹುಡುಗಿ ನಾಲ್ಕು ವರ್ಷದ ಹಿಂದೆ ಅವರ ಡ್ರೈವಿಂಗ್ ಶಾಲೆಯಲ್ಲಿ ಕಲಿತವಳು. ಕಲಿಯಲು ಬಂದವರಿಗೆಲ್ಲ ಒಂದೊಂದು ಅಡ್ಡಹೆಸರು ಅಂಟಿಸುವುದು, ಅವರು ಕ್ಲಚ್ಚು ಬಿಟ್ಟಾಗ ಕಾರು ಕೆಮ್ಮುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುವುದು ಮೇಷ್ಟ್ರ ಚಾಳಿ. ಇವಳು ಗೊಂಬೆಯಾದದ್ದು ತಲೆಯಾಡಿಸಿ. ಕನ್ನಡಿ ನೋಡು ಎಂದಾಗಲೆಲ್ಲ ತಲೆ ಠಣಕ್ಕನೆ ಅತ್ತ ಹೋಗಿ ಇತ್ತ ಬರುತ್ತಿತ್ತು, ಕಣ್ಣು ಮಾತ್ರ ರಸ್ತೆಯಲ್ಲೇ. ಮೇಷ್ಟ್ರು ಮೂರನೇ ದಿನವೇ ಹಿಡಿದಿದ್ದರು. "ಕನ್ನಡಿಗೆ ನಮಸ್ಕಾರ ಹಾಕ್ಬೇಡ ತಾಯೀ, ಅದರೊಳಗೆ ನೋಡು."

ಹುಡುಗಿ ನಕ್ಕು, ಅವರ ಎಡಗಣ್ಣಿಗೆ ಬಟ್ಟೆ ಕಟ್ಟಿ, ದೀಪ ಆರಿಸಿದಳು.

ತೊಳೆದು ಬೋರಲು ಹಾಕಿದ ಬಿಳಿ ಬೋಗುಣಿಯೊಳಗೆ ತಲೆ ತೂರಿಸಿದ ಹಾಗಿತ್ತು. ಮೇಲೊಂದು ಚುಕ್ಕಿ ಮಿಣುಕಿತು, ಒತ್ತಿದರು. ಕೆಳಗೊಂದು, ಒತ್ತಿದರು. ಆಮೇಲೆ ಏನೂ ಇಲ್ಲ. ಏನೂ ಇಲ್ಲದ ಹೊತ್ತಿನಲ್ಲಿ ಮೇಷ್ಟ್ರ ಕಿವಿ ಸುಮ್ಮನಿರಲಿಲ್ಲ. ಯಂತ್ರದ ಹೊಟ್ಟೆಯಲ್ಲಿ ಯಾವುದೋ ಪುಟ್ಟ ಮೋಟರು ತಿರುಗುತ್ತಿತ್ತು. ಪ್ರತಿ ಬೆಳಕಿಗೂ ಮುಂಚೆ "ಝುಂಯ್, ಟಕ್". ಗೇರುಪೆಟ್ಟಿಗೆಯ ಯಾವ ಹಲ್ಲು ಸವೆದಿದೆ ಎಂದು ಬೀದಿ ತುದಿಯಿಂದಲೇ ಹೇಳಬಲ್ಲ ಕಿವಿ ಅದು, ಅರ್ಧ ನಿಮಿಷದಲ್ಲಿ ಲೆಕ್ಕ ಹಿಡಿಯಿತು. ಝುಂಯ್, ಟಕ್ ಎಂದಿತು, ಬೆಳಕು ಕಾಣಲಿಲ್ಲ. ಸದ್ದಾಯಿತೆಂದರೆ ಎಲ್ಲೋ ಬೆಳಕು ಬಂದಿರಲೇಬೇಕು. ಬಂದಿದ್ದರೆ ತಮಗೆ ಕಂಡಿರಬೇಕಿತ್ತು. ಹೆಬ್ಬೆರಳು ಒತ್ತಿತು. ಝುಂಯ್, ಟಕ್. ಒತ್ತಿತು.

ಹೊರಗೆ, ಆಸ್ಪತ್ರೆಯ ಹಿಂದಿನ ಬಯಲಿನಲ್ಲಿ, ಅವರ ಕಾರು ನಿಂತಿತ್ತು.

ಅದು ಬಂದು ಐದು ವಾರವಾಗಿತ್ತಷ್ಟೆ. ಮೂವತ್ತೊಂದು ವರ್ಷ ತಲೆಯ ಮೇಲೆ ಬೋರ್ಡು ಹೊತ್ತ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ, ತಮ್ಮ ಕಾಲಿಗೂ ಒಂದು ಬ್ರೇಕು ಇಟ್ಟುಕೊಂಡು, ಗಂಟೆಗೆ ಮೂವತ್ತು ಕಿಲೋಮೀಟರು ದಾಟದೆ ಬದುಕಿದ ಮನುಷ್ಯ ಶಾಲೆಯನ್ನು ತಂಗಿಯ ಮಗನಿಗೆ ವಹಿಸಿದ ಮರುವಾರವೇ ಅದನ್ನು ಮನೆಗೆ ತಂದಿದ್ದರು. ಹನ್ನೊಂದು ವರ್ಷದ ಹಳೆಯ ಗಾಡಿ, ಬೂದಿ ಬಣ್ಣ. ಹಿಂದಿನ ಮಾಲೀಕ ಹಲ್ಲಿನ ಡಾಕ್ಟರು. ಮೂರನೆಯ ಮಗು ಹುಟ್ಟಿ ಹಿಂದಿನ ಸೀಟು ಸಾಲದೆ ಮಾರಿದ್ದರು. ದೂರದಿಂದ ನೋಡಿದರೆ ಅಂಗಡಿಗೆ ಹೋಗಿಬರುವ ಸಾಧು ಚಿಕ್ಕ ಕಾರು. ಹತ್ತಿರ ಬಂದರೆ ಹಿಂದೆ ಎರಡು ಹೊಗೆ ಕೊಳವೆ, ಚಕ್ರದ ಸಂದಿಯಲ್ಲಿ ಕೆಂಪು ಬ್ರೇಕು, ಕೂತರೆ ಎರಡೂ ಪಕ್ಕೆ ಹಿಡಿದು "ಎಲ್ಲಿಗೆ ಹೋಗ್ತೀಯ, ಕೂತ್ಕೋ" ಎನ್ನುವ ಸೀಟು.

"ನೋಡೋಕೆ ಬೆಂಕಿಪೊಟ್ಟಣದಷ್ಟಿದೆ, ಒಳಗಿರೋದೂ ಅದೇ" ಎಂದಿದ್ದರು ಹೆಂಡತಿ ಮೊದಲ ದಿನವೇ. ಹೊಲಿಗೆ ಅಂಗಡಿಯವರು, ಕಣ್ಣಳತೆಯಲ್ಲೇ ಎದೆ ಸೊಂಟ ಹೇಳುವವರು. "ಅರವತ್ತು ಹತ್ರ ಬಂತು ನಿಮಗೆ. ಇದು ದಿನಾ ಓಡಿಸೋ ಕಾರಾ?"

"ದಿನಾ ಓಡಿಸೋಕೇ ಕಣೇ ಇದು! ನೋಡು, ಹಿಂದಿನ ಸೀಟು ಮಡಚಿದ್ರೆ ನಿನ್ನ ಮಿಷಿನ್ನು ಕಾಲು ಸಮೇತ ಕೂರುತ್ತೆ. ಎದುರುಮನೆಯವರು ಬಿಟ್ಟಿರೋ ಸಂದಿಯಲ್ಲಿ ಬೇರೆ ಯಾವ ಕಾರು ನಿಲ್ಲುತ್ತೆ ಹೇಳು. ಪಾದ ಮೆತ್ತಗಿಟ್ರೆ ಪೆಟ್ರೋಲೂ ಕುಡಿಯಲ್ಲ. ಮಾರ್ಕೆಟ್ಟಿಗೆ ಹಸು, ನೀರಿನ ಟ್ಯಾಂಕಿನ ಏರಿಗೆ ಕುದುರೆ. ಒಂದೇ ಕೊಟ್ಟಿಗೇಲಿ ಎರಡು ಪ್ರಾಣಿ!"

"ಮಾರ್ಕೆಟ್ಟಿನಿಂದ ನೀವು ಹೊರಟಿದ್ದು ಟೊಮೆಟೊ ತಗೊಂಡು. ಮನೆಗೆ ತಂದಿದ್ದು ರಸ."

ಅದೂ ನಿಜವೇ. ಸ್ಪ್ರಿಂಗು ಗಟ್ಟಿ, ರಸ್ತೆಯ ಒಂದೊಂದು ಹಳ್ಳವೂ ಬೆನ್ನುಹುರಿಯಲ್ಲಿ ಹಾಜರಿ ಹಾಕುತ್ತಿತ್ತು. ಆದರೆ ಬೆಳಗ್ಗೆ ಹಾಲು ತರಲು ಹೋಗುವುದೂ ಹಬ್ಬವಾಗಿತ್ತು ಮೇಷ್ಟ್ರಿಗೆ. ಟ್ಯಾಂಕಿನ ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ ಪಾದ ಅದುಮಿದರೆ ಒಂದು ಗಳಿಗೆ ಏನೂ ಆಗುತ್ತಿರಲಿಲ್ಲ, ಉಸಿರೆಳೆದುಕೊಂಡಂತೆ. ಆಮೇಲೆ ಯಾರೋ ಬೆನ್ನಿಗೆ ಅಂಗೈ ಇಟ್ಟು ನೂಕಿದ ಹಾಗೆ. ಮನೆಗೆ ಬಂದು ಹಾಲಿನ ಪಾತ್ರೆ ಹಿಡಿದೇ ಆ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಿದ್ದರು, ಗೇರು ಬದಲಿಸುವಾಗಿನ ಕೆಮ್ಮಿನ ಸಮೇತ.

ಮೂರನೆಯ ವಾರದಲ್ಲಿ ಒಬ್ಬ ಸೈಕಲ್ಲಿನವನ ಮೊಣಕೈಗೆ ಕಾರಿನ ಎಡಗನ್ನಡಿ ತಗುಲಿತು. ಅವನು ಬೀಳಲಿಲ್ಲ, ಬೈದ. "ಎಲ್ಲಿಂದ ಬಂದ್ನೋ ಕಾಣ್ಲೇ ಇಲ್ಲ. ಈ ಕಾರಿನ ಕಂಬ ದಪ್ಪ" ಎಂದರು ಮೇಷ್ಟ್ರು, ಗಾಜಿನ ಪಕ್ಕದ ಕಂಬ ತೋರಿಸಿ. ಆಮೇಲೆ ಗೇಟಿನ ಗೋಡೆ. ಆಮೇಲೆ ಪಕ್ಕದ ಮನೆಯ ಹೂಕುಂಡ. ಪ್ರತಿ ಸಲವೂ ಕಂಬ ಒಂದೊಂದು ಬೆರಳು ದಪ್ಪವಾಗುತ್ತ ಹೋಯಿತು.

ಒಂದು ಸಂಜೆ ಅವರು ಪೇಪರು ಓದುತ್ತಿದ್ದಾಗ ಹೆಂಡತಿ ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣವನ್ನು ಅವರ ಕಿವಿಯ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದರು. ಕೆನ್ನೆ ದಾಟಿತು. ಹುಬ್ಬಿನ ಕೊನೆ ದಾಟಿತು. ಮೇಷ್ಟ್ರು ಪುಟ ತಿರುವಿದರು. ಸುಣ್ಣ ಹೆಚ್ಚುಕಡಿಮೆ ಮೂಗಿನ ನೇರಕ್ಕೆ ಬಂದಾಗ ಬೆಚ್ಚಿ, "ಇದೇನೇ ಇದು!" ಎಂದರು. ಹೆಂಡತಿ ಸುಣ್ಣವನ್ನು ಡಬ್ಬಿಯಲ್ಲಿಟ್ಟು ಮುಚ್ಚಿ, ಕಣ್ಣಾಸ್ಪತ್ರೆಗೆ ಫೋನು ಮಾಡಿದರು.

ಕೋಣೆಯಲ್ಲಿ ದೀಪ ಹತ್ತಿತು. ಎರಡೂ ಕಣ್ಣಿನ ಪರೀಕ್ಷೆ ಮುಗಿದಿತ್ತು. ಯಂತ್ರ ಹೊರದಬ್ಬಿದ ಕಾಗದವನ್ನು ಹುಡುಗಿ ಬಹಳ ಹೊತ್ತು ನೋಡಿದಳು.

"ಪಾಸಾ ಫೇಲಾ?"

"ಇನ್ನೊಂದ್ಸಲ ಮಾಡೋಣ ಸಾರ್."

"ಯಾಕೆ, ಕಾಪಿ ಹೊಡೆದ್ನಾ?"

ತಮಾಷೆಗೆ ಅಂದದ್ದು. ಹುಡುಗಿ ನಗಲಿಲ್ಲ. "ಈ ಯಂತ್ರ ನಡುನಡುವೆ ಬೇಕಂತಲೇ ಬರೀ ಸದ್ದು ಮಾಡುತ್ತೆ ಸಾರ್. ಬೆಳಕು ಬಿಡಲ್ಲ. ಯಾರು ಕಂಡು ಒತ್ತಿದ್ರು, ಯಾರು ಸುಮ್ನೆ ಒತ್ತಿದ್ರು ಅಂತ ಗೊತ್ತಾಗ್ಲಿ ಅಂತ." ಕಾಗದವನ್ನು ಮಡಿಸಿದಳು. "ಅದಕ್ಕೆಲ್ಲ ಒತ್ತಿದ್ದೀರಿ. ಒಂದೂ ಬಿಟ್ಟಿಲ್ಲ."

ಇವಳು ಕನ್ನಡಿಗೆ ನಮಸ್ಕಾರ ಹಾಕುವ ಆ ಹಳೆಯ ಮಾತನ್ನು ತಿರುಗಿಸಿ ಹೇಳಿದ್ದರೆ ಮೇಷ್ಟ್ರು ನಕ್ಕು ಹಗುರಾಗಬಹುದಿತ್ತು. ಅವಳು ಹೇಳಲಿಲ್ಲ. ಮೇಜಿನ ಡಬ್ಬಿಯಿಂದ ಎರಡು ಉಂಡೆ ಹತ್ತಿ ತೆಗೆದಳು.

"ಕಿವಿಗೆ ಇಡ್ಲಾ ಸಾರ್?"

"ಇಡಮ್ಮ" ಎಂದರು.

ಈ ಸಲ ಬೋಗುಣಿಯೊಳಗೆ ಸದ್ದಿರಲಿಲ್ಲ. ಒಂದು ಚುಕ್ಕಿ ಮಿಣುಕಿತು, ಒತ್ತಿದರು. ಆಮೇಲೆ ಬಿಳುಪು. ಬರೀ ಬಿಳುಪು. ಯಂತ್ರ ನಡೆಯುತ್ತಿದೆಯೋ, ಕರೆಂಟು ಹೋಗಿದೆಯೋ, ಹುಡುಗಿ ಎದ್ದು ಹೋಗಿದ್ದಾಳೋ ತಿಳಿಯಲಿಲ್ಲ. ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತ ಬೆವರಿತು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಹಳದಿ ದೀಪವನ್ನೇ ನೋಡಿದರು. ಎಷ್ಟೋ ಹೊತ್ತಿನ ಮೇಲೆ ಭುಜದ ಮೇಲೆ ಕೈ ಬಿತ್ತು.

"ನಡೀತಾ ಇದೆಯಾ ಇದು?" ಎಂದು ಜೋರಾಗಿ ಕೇಳಿದರು.

ಹುಡುಗಿ ಹತ್ತಿ ತೆಗೆದಳು. "ಮುಗೀತು ಸಾರ್."

ಪಕ್ಕದ ಕೋಣೆಯಲ್ಲಿ ಕಣ್ಣಿನ ಡಾಕ್ಟರು ಮೇಷ್ಟ್ರು ಮತ್ತು ಹೆಂಡತಿಯ ಮುಂದೆ ಮೇಜಿನ ಮೇಲೆ ಕಾಗದ ಹರಡಿದರು. ಎರಡು ದುಂಡು ಚಿತ್ರ, ಅಂಚಿನಿಂದ ಒಳಕ್ಕೆ ಮಸಿ ಚೆಲ್ಲಿದ ಹಾಗೆ ಕಪ್ಪು. ಎಡಗಡೆ ಹೆಚ್ಚು. "ಕಣ್ಣಿನ ಒತ್ತಡ ಜಾಸ್ತಿಯಾಗಿ ಒಳಗಿನ ನರ ಸವೆದಿದೆ. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ. ಹೋಗಿರೋದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಕೆ ಹನಿ ಕೊಡ್ತೀನಿ, ದಿನಕ್ಕೆರಡು ಸಲ, ಒಂದು ದಿನವೂ ತಪ್ಪಬಾರದು."

"ಆಪರೇಷನ್ನು ಗೀಪರೇಷನ್ನು?"

"ಮಾಡಿದ್ರೂ ಹೋಗಿರೋದು ಬರಲ್ಲ." ಡಾಕ್ಟರು ತಲೆಯೆತ್ತಿದರು. "ಇವತ್ತು ಬಂದಿದ್ದು ಹೇಗೆ?"

"ಇವರೇ ಓಡಿಸ್ಕೊಂಡು ಬಂದ್ರು" ಎಂದರು ಹೆಂಡತಿ.

"ಹೋಗೋದು ಹಾಗೆ ಬೇಡ. ಇವತ್ತಷ್ಟೇ ಅಲ್ಲ. ಇನ್ಮೇಲೆ ಬೇಡ."

"ಸರಿ ಬಿಡಿ" ಎಂದರು ಮೇಷ್ಟ್ರು. "ಇಷ್ಟು ದಿನ ಡ್ರೈವರು. ಇನ್ಮೇಲೆ ಕಂಡಷ್ಟಕ್ಕೆ ಕಂಡಕ್ಟರು." ಡಾಕ್ಟರು ಬರೆಯುತ್ತಿದ್ದರು. ಹೆಂಡತಿ ಚೀಟಿಗೆ ಕೈ ಚಾಚಿದರು.

ಬಯಲಿನಲ್ಲಿ ಮಧ್ಯಾಹ್ನದ ಬಿಸಿಲು. ಎರಡು ದೊಡ್ಡ ಗಾಡಿಗಳ ನಡುವೆ ಕಾರು ಮೊಣಕಾಲು ಮಡಿಸಿ ಕೂತ ಹಾಗಿತ್ತು.

"ಬಾಡಿಗೆ ಕಾರು ಕರೀತೀನಿ" ಎಂದರು ಹೆಂಡತಿ.

"ಇದನ್ನ ಇಲ್ಲೇ ಬಿಟ್ಟು?"

"ನಿಮ್ಮ ತಂಗಿ ಮಗ ಸಂಜೆ ಬಂದು ತರ್ತಾನೆ."

"ಅವನು ಕ್ಲಚ್ಚಿನ ಮೇಲೆ ಪಾದ ಇಟ್ಕೊಂಡೇ ಓಡಿಸ್ತಾನೆ ಕಣೇ, ಅಟ್ಟದ ಮೇಲೆ ಬೆಕ್ಕು ಕೂತ ಹಾಗೆ. ಮೂರು ಮೈಲಿ. ಮೆತ್ತಗೆ ಹೋಗೋಣ. ತಲೆ ತಿರುಗಿಸಿ ತಿರುಗಿಸಿ ನೋಡ್ತೀನಿ. ಕಂಬ ಇದ್ರೂ..." ಅಷ್ಟಕ್ಕೆ ನಿಲ್ಲಿಸಿದರು. ಕಂಬದ ಮಾತು ಅವರಿಗೇ ಸಾಕಾಗಿತ್ತು. ಬೀಗ ತೆರೆದರು, ಬಾಗಿಲು ತೆಗೆದರು. ಹೆಂಡತಿ ಹತ್ತಲಿಲ್ಲ. ಕಾರಿನ ಆ ಬದಿ ನೋಡಿದರು, ಇಲ್ಲ. ಹಿಂದೆ ನೋಡಿದರು, ಇಲ್ಲ. ಕೋಪ ಮಾಡಿಕೊಂಡು ರಸ್ತೆಗೆ ಹೋದಳೇನೋ ಎಂದುಕೊಂಡು ಕೂಗಿದರು.

"ಲೇ, ಎಲ್ಲಿ ಹೋದೆ?"

"ಇಲ್ಲೇ ಇದ್ದೀನ್ರೀ."

ದನಿ ಎಡಭುಜದ ಪಕ್ಕದಿಂದಲೇ ಬಂತು. ತಲೆ ಪೂರ್ತಿ ಹೊರಳಿಸಿದಾಗ ಕಂಡರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಔಷಧಿ ಚೀಲ ಎದೆಗೆ ಹಿಡಿದುಕೊಂಡು. ಅಲ್ಲಾಡಿಯೇ ಇರಲಿಲ್ಲ.

ಮೇಷ್ಟ್ರು ಕೀಲಿಯನ್ನು ಚಾಚಿದರು. ಯಾರಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ಹೆಂಡತಿಗೆ ಓಡಿಸಲು ಬರುತ್ತಿರಲಿಲ್ಲ. ಊರಿಗೆಲ್ಲ ಕಲಿಸಿದವರು ಹೆಂಡತಿಗೂ ಎರಡು ದಿನ ಕಲಿಸಿದ್ದರು, ಮೂರನೇ ದಿನ ಜಗಳವಾಗಿ ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ನಡೆದು ಮನೆ ಸೇರಿದ್ದರು.

ಊಟದ ಡಬ್ಬಿ ಹಿಡಿದು ಮನೆಗೆ ಹೊರಟಿದ್ದ ಹುಡುಗಿ ಆಗಲೇ ಗೇಟಿನ ಹತ್ತಿರ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. "ನನ್ನ ಪಾಳಿ ಮುಗೀತು ಸಾರ್. ನಾನು ಬಿಟ್ಟು ಬರ್ತೀನಿ" ಎಂದಳು.

ಅವಳು ಗಿಡ್ಡ. ಸೀಟನ್ನು ಸರಸರನೆ ಮುಂದಕ್ಕೆ ಎಳೆದುಕೊಂಡಳು. ಮೂರು ಕನ್ನಡಿಯನ್ನೂ ತನಗೆ ಬೇಕಾದಂತೆ ತಿರುಗಿಸಿ, ಒಂದೊಂದರಲ್ಲೂ ಕಣ್ಣಿಟ್ಟು ನೋಡಿದಳು. ಮೇಷ್ಟ್ರು ಪಕ್ಕದಲ್ಲಿ, ಹೆಂಡತಿ ಹಿಂದೆ.

ಪಕ್ಕದ ಸೀಟು ಮೇಷ್ಟ್ರಿಗೆ ಹೊಸದಲ್ಲ. ಆದರೆ ಕಾಲಡಿ ಬ್ರೇಕಿರಲಿಲ್ಲ, ಬರೀ ಚಾಪೆ. ರಸ್ತೆಗಿಳಿದ ಕೂಡಲೇ ಒಬ್ಬ ಹೆಂಗಸು ಮಗು ಎತ್ತಿಕೊಂಡು ಗಾಳಿಯಿಂದ ಇಳಿದ ಹಾಗೆ ಎದುರಿಗೆ ಬಂದಳು. ಮೇಷ್ಟ್ರ ಪಾದ ಚಾಪೆಯನ್ನು ಅದುಮಿತು. ಹುಡುಗಿ ಅಷ್ಟರಲ್ಲೇ ನಿಧಾನಿಸಿದ್ದಳು. ಅವಳಿಗೆ ಆ ಹೆಂಗಸು ಅಂಗಡಿ ಮೆಟ್ಟಿಲಿನಿಂದಲೇ ಕಂಡಿದ್ದಳು. ಆಮೇಲೊಂದು ನಾಯಿ. ಒಂದು ತಳ್ಳುಗಾಡಿ. ಒಂದು ಇಡೀ ಬಸ್ಸು. ಎಲ್ಲವೂ ಇಲ್ಲದ ಕಡೆಯಿಂದ ಹುಟ್ಟಿ ಹುಟ್ಟಿ ಬರುತ್ತಿದ್ದವು. ಐದು ವಾರ ಇವುಗಳ ನಡುವೆಯೇ ಹಾಲು ತಂದಿದ್ದೆನೆ? ಮೇಷ್ಟ್ರು ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡರು.

ಟ್ಯಾಂಕಿನ ಏರು ಬಂತು. ರಸ್ತೆ ಖಾಲಿ. ಇಂಜಿನ್ನು ಗೊಣಗುವುದು ಕೇಳಿ ತಡೆಯಲಾಗಲಿಲ್ಲ.

"ಎರಡಕ್ಕೆ ಇಳಿಸು. ಈಗ ಬಿಡು."

"ಬಿಡ್ಲಾ ಸಾರ್?"

"ಬಿಡೇ ಗೊಂಬೆ!"

ಕಾರು ಉಸಿರೆಳೆದುಕೊಂಡಿತು, ಆಮೇಲೆ ಎಲ್ಲರ ಬೆನ್ನೂ ಒಟ್ಟಿಗೆ ಸೀಟಿಗೆ ಅಂಟಿತು. "ಅಯ್ಯಯ್ಯೋ" ಎಂದು ಕೂಗಿದ ಹುಡುಗಿ ಕೂಗುತ್ತಲೇ ನಕ್ಕಳು. ಹಿಂದಿನಿಂದಲೂ ನಗು ಬಂತು. ಹೆಂಡತಿ ಈ ಕಾರಿನಲ್ಲಿ ನಕ್ಕದ್ದು ಇದೇ ಮೊದಲು. "ಮೂರು" ಎಂದರು ಮೇಷ್ಟ್ರು, ಅವಳು ಮೂರಕ್ಕೆ ಹಾಕಿದಳು, ಸರಿಯಾಗಿ ಹಾಕಬೇಕಾದಲ್ಲೇ. ಗಲ್ಲ ಮುಂದೆ ಮಾಡಿ, ಕಣ್ಣರಳಿಸಿ ಕೂತಿದ್ದ ಆ ಮುಖವನ್ನು ಅವರು ಕತ್ತು ತಿರುಗಿಸಿ ನೋಡಿದರು. ತಮ್ಮ ಮುಖವೂ ಹೀಗೇ ಇದ್ದಿರಬೇಕು.

"ಇದನ್ನ ದಿನಾ ಓಡಿಸ್ತಿದ್ರಾ ಸಾರ್?"

"ಹ್ಞೂಂ" ಎಂದರು. "ಓಡಿಸ್ತಿದ್ದೆ."

ಹುಡುಗಿ ಕಾರನ್ನು ಎದುರುಮನೆಯ ಸಂದಿಯಲ್ಲಿ ಒಂದೇ ಸಲಕ್ಕೆ ನಿಲ್ಲಿಸಿ, ಕೀಲಿಯನ್ನು ಅವರ ಅಂಗೈಗೆ ಇಟ್ಟು, ನೀರು ಕೂಡ ಕುಡಿಯದೆ ಬಸ್ಸಿಗೆ ಓಡಿದಳು. ಹೆಂಡತಿ ಒಳಗೆ ಹೋಗಿ, ಒಳಗಿನಿಂದಲೇ ಕೂಗಿದರು: "ರೀ, ಔಷಧಿ ಚೀಲ ಕಾರಲ್ಲೇ ಉಳೀತು."

ಮೇಷ್ಟ್ರು ಹೊರಬಂದು ಬಾಗಿಲು ತೆಗೆದರು. ಚೀಲ ಹಿಂದಿನ ಸೀಟಿನಲ್ಲಿತ್ತು. ಅವರು ತೆಗೆದದ್ದು ಮುಂದಿನ ಬಾಗಿಲು. ಹುಡುಗಿ ಮುಂದಕ್ಕೆಳೆದಿದ್ದ ಸೀಟಿನಲ್ಲಿ ಕೂರಲು ಹೋದರೆ ಮೊಣಕಾಲು ಸ್ಟಿಯರಿಂಗಿಗೆ ತಾಗಿತು. ಹೇಗೋ ಮೈ ಮಡಚಿ ತೂರಿಸಿಕೊಂಡರು. ಕೈ ತಾನಾಗಿ ಸೀಟಿನಡಿ ಹೋಗಿ ಸರಳನ್ನು ಹಿಡಿಯಿತು. ಸ್ವಲ್ಪ ಎತ್ತಿ ಹಿಂದಕ್ಕೆ ನೂಕಿದರೆ ಸಾಕಿತ್ತು.

"ಸಿಕ್ತೇನ್ರೀ?"

"ಸಿಕ್ತು" ಎಂದರು.

ಸರಳನ್ನು ಎತ್ತದೆ ಹಾಗೇ ಬಿಟ್ಟರು. ಒಂದು ಕೈ ಬಾಗಿಲಿಗೆ ಊರಿ, ಸೀಟು ಕದಲದ ಹಾಗೆ, ಒಂದೊಂದೇ ಕಾಲನ್ನು ಮೆಲ್ಲಗೆ ಹೊರಗೆ ತೆಗೆದರು.