ಎರವಲು ದಿನಗಳು

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹತ್ತಿರ ಹೋಗುವವರೆಗೂ ರಿಯಾಕ್ಟರಿನ ಗುಮ್ಮಟ ಕಾಣಲಿಲ್ಲ. ಕೋಟಿನ ಜೇಬಿನಲ್ಲಿದ್ದ ಕೀಲಿಯನ್ನು ಮತ್ತೆಮತ್ತೆ ಮುಟ್ಟಿ ನೋಡಿಕೊಳ್ಳುತ್ತ ಅವಳು ನಡೆದಳು. ಅಲ್ಲಿಂದ ಬರುವ ನ್ಯೂಟ್ರಾನುಗಳಿಗೆ ಒಂದೇ ಕಾಲುವೆ, ತುದಿಯಲ್ಲಿ ಎರಡು ಕವಲು, ಒಂದೇ ಕೀಲಿ. ಹೊಲದ ನೀರಿನ ಸರದಿಯ ಹಾಗೆ, ಕೀಲಿ ಯಾರ ಕೈಯಲ್ಲೋ ನ್ಯೂಟ್ರಾನು ಅವರ ಕಡೆಗೆ.

ಈ ವಾರದ ಸರದಿ ಅವಳದಲ್ಲ, ಗೋಡೆಯಾಚೆಯ ಹಿರಿಯರದು. ನ್ಯೂಟ್ರಾನು ಹಾಯಿಸಿ ರೈಲುಗಾಲಿಯ ಒಳಗೆ ಕಣ್ಣಿಗೆ ಕಾಣದ ಬಿರುಕು ಹುಡುಕುವ ಅವರನ್ನು ಎಲ್ಲರೂ ಗಾಲಿಯಣ್ಣ ಎನ್ನುತ್ತಿದ್ದರು. ಎರಡೇ ದಿನಕ್ಕೆಂದು ಅವರಿಂದ ಕಾಡಿಬೇಡಿ ತಂದ ಕೀಲಿ ಇನ್ನೂ ಇವಳ ಜೇಬಿನಲ್ಲೇ ಇತ್ತು. ನಾಳೆ ಸಂಜೆ ದುರಸ್ತಿಗೆಂದು ರಿಯಾಕ್ಟರು ಆರಿದರೆ ಮತ್ತೆ ಹೊತ್ತುವುದು ವರ್ಷದ ಮೇಲೆ. ಅಷ್ಟರೊಳಗೆ ಏನೂ ಸಿಗದಿದ್ದರೆ ಅವಳ ಕೆಲಸವೂ ಅದರ ಜೊತೆಗೇ ಆರುವುದಿತ್ತು.

ಅವಳದು ನಿಧಾನದ ನ್ಯೂಟ್ರಾನು. ಸೈಕಲ್ಲಿನವರೂ ಹಿಂದೆ ಹಾಕಬಹುದು, ಅಷ್ಟು ನಿಧಾನ. ಜಾಡಿಯಲ್ಲಿ ತುಂಬಿಟ್ಟರೆ ಅಲ್ಲಿನ ಕಾಂತಕ್ಷೇತ್ರದಲ್ಲಿ ಬುಗುರಿಗಳಂತೆ ಓಲುತ್ತ ತಿರುಗುತ್ತವೆ. ಜಾಡಿಗೆ ಕೊಟ್ಟ ವಿದ್ಯುತ್ತಿನ ದಿಕ್ಕು ಬದಲಿಸಿದಾಗ ಆ ಓಲಾಟ ಕೂದಲೆಳೆಯಷ್ಟು ಬದಲಾದರೂ ಸಾಕು, ಸೃಷ್ಟಿಯಲ್ಲಿ ಇದುವರೆಗೆ ಯಾರೂ ಕಾಣದ ಬಲವೊಂದು ಇದೆ ಎಂದರ್ಥ. ವರ್ಷಗಟ್ಟಲೆ ಜಪ್ಪಯ್ಯ ಎನ್ನದ ಓಲಾಟ, ಈ ಎರವಲು ದಿನಗಳಲ್ಲಿ ಬದಲಾಗಿತ್ತು. ನಿನ್ನೆ ಊಟಕ್ಕೆ ಕೂತಾಗ ತಾಯಿ ಎಂದಿನಂತೆ, ನಿನ್ನ ಬುಗುರಿ ಏನಂತು ಎಂದು ಕೇಳಿದ್ದಳು. ಈ ಸಲ ಏನೋ ಅಂತು ಎಂದಿದ್ದಕ್ಕೆ, ತಟ್ಟೆಗೆ ಇನ್ನೊಂದು ಸೌಟು ಬಡಿಸಿದ್ದಳು.

ಇನ್ನೊಂದೇ ದಿನ ಕೇಳೋಣವೆಂದು ಅವಳು ಗೋಡೆ ಬಳಸಿ ಆಚೆ ಹೋದಳು. ಗಾಲಿಯಣ್ಣ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದರು.

"ಬಾಮ್ಮ ಬುಗುರಿ. ಕೂಸು ಹುಟ್ಟಿತೋ, ಇನ್ನೂ ಕುಲಾವಿನೇ ಹೊಲೀತಿದೀಯೋ?"

ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಗೋಡೆಗೆ ಒತ್ತಿಕೊಂಡು, ಆಚೆ ಸರಿಯಾಗಿ ಅವಳ ಜಾಡಿ ಇರುವ ಕಡೆಗೇ, ಎದೆಮಟ್ಟದ ಕಬ್ಬಿಣದ ಗಾಲಿ ತಳ್ಳುಗಾಡಿಯ ಮೇಲೆ ನಿಂತಿತ್ತು.

"ಇದನ್ನ ಯಾವಾಗ ಇಲ್ಲಿಗೆ ತಂದ್ರಿ, ಅಣ್ಣ?"

"ನಿನಗೆ ಕೀಲಿ ಕೊಟ್ಟ ದಿನಾನೇ. ಕೆಲಸ ಇಲ್ಲ ಅಂದ್ಮೇಲೆ ಓಡಾಡೋ ದಾರೀಲಿ ಯಾಕೆ ಅಂತ ತಳ್ಳಿದೆ."

ಹತ್ತಿರ ಅಷ್ಟು ಕಬ್ಬಿಣ ನಿಂತರೆ ಕಾಂತಕ್ಷೇತ್ರ ಓರೆಯಾಗುತ್ತದೆ, ಬುಗುರಿ ಸುಳ್ಳು ಹೇಳುತ್ತದೆ. ಅದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಮುಖ ನೋಡಿ ತಾವೇ ಎದ್ದರು. ಇಬ್ಬರೂ ಸೇರಿ ಗಾಡಿಯನ್ನು ದೂರ ತಳ್ಳಿದರು. ಅವಳು ಮರಳಿ ಬಂದು ಜಾಡಿ ತುಂಬಿಸಿದಳು, ಬರಿದು ಮಾಡಿದಳು, ಮತ್ತೆ ತುಂಬಿಸಿದಳು. ಮಂಜು ಕರಗಿ ಬಿಸಿಲೇರುವ ಹೊತ್ತಿಗೆ ವಿದ್ಯುತ್ತಿನ ಎರಡೂ ದಿಕ್ಕಿನ ಗೆರೆಗಳು ಪರದೆಯ ಮೇಲೆ ಕೂದಲೆಳೆಯಷ್ಟೂ ಬೇರೆಯಾಗದೆ ಒಂದರ ಮೇಲೊಂದು ಮಲಗಿದ್ದವು. ದೇವರು ಗುಟ್ಟು ಬಿಟ್ಟುಕೊಡುವವನಲ್ಲ; ಕೊಟ್ಟರೂ ನಮ್ಮ ಸರದಿ ನೋಡಿ ಕೊಡುವವನಲ್ಲ.

ಗಾಲಿಯಣ್ಣ ಬಾಗಿಲಲ್ಲಿ ಬಂದು ನಿಂತಿದ್ದರು.

"ನಿಮ್ಮ ಗಾಲಿ ಎಲ್ಲಾ ಬಿಟ್ಟು ನನ್ನ ಹಣೆ ಮೇಲೇ ಉರುಳಬೇಕಿತ್ತಾ?" ಅವಳು ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಬೈದುಬಿಡಮ್ಮ. ಒಳಗಿಟ್ಕೋಬೇಡ."

ಅವಳು ಬೈಯಲಿಲ್ಲ. ಅವರು ಕೀಲಿ ಕೇಳಲಿಲ್ಲ. ಹಾಗೆಯೇ ಹೊರಟುಹೋದರು. ನಾಳೆ ಸಂಜೆಯವರೆಗೆ ಹೊತ್ತಿತ್ತು. ಗಾಲಿ ದೂರವಿತ್ತು. ನಿಜವಾದದ್ದೇನಾದರೂ ಇದ್ದರೆ ಈಗಲೇ ಕಾಣಬಹುದಿತ್ತು. ಅವಳ ಬೆರಳು ಜಾಡಿ ತುಂಬಿಸುವ ಗುಂಡಿಯ ಮೇಲೆ ಹೋಯಿತು. ಹೊರಗೆಲ್ಲೋ ರೈಲೊಂದು ಹಾದು, ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗಿ ನಿಂತಿತು. ಅದರ ಗಾಲಿಗಳ ಒಳಗನ್ನು ಯಾರಾದರೂ ನೋಡಿದ್ದರೋ ಇಲ್ಲವೋ; ಅವಳು ಬೆರಳು ಹಿಂತೆಗೆದಳು.

ಗೋಡೆಯಾಚೆ ಗಾಲಿಯಣ್ಣ ಗಾಲಿಯ ಧೂಳು ಒರೆಸುತ್ತಿದ್ದರು. ಅವಳು ಕೀಲಿಯನ್ನು ಅವರ ಅಂಗೈಯಲ್ಲಿಟ್ಟು, ಗಾಲಿಯನ್ನು ಅವರ ಕವಲಿನ ಮುಂದಕ್ಕೆ ತಳ್ಳಲು ಗಾಡಿಯ ಇನ್ನೊಂದು ಬದಿಗೆ ಕೈ ಹಚ್ಚಿದಳು. ಬೆಳಗಿನಿಂದ ಜೇಬಿನಲ್ಲಿದ್ದ ಕೀಲಿ ಇನ್ನೂ ಬೆಚ್ಚಗಿತ್ತು.